ಕಾಡುಮರದ ಹಕ್ಕು ಬೆಳೆಗಾರನಿಗೆ ಸಿಗಲಿ

2024–25ರಲ್ಲಿ ರೊಬಸ್ಟಾ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ವರ್ಷಗಟ್ಟಲೆ ಸಾಲದಲ್ಲಿ ನರಳಿದ ಕೊಡಗಿನ ಬೆಳೆಗಾರರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ಅದು ಅವರ ಬೆವರಿನ ದುಡ್ಡು, ಯಾರೂ ಕರುಬಬೇಕಿಲ್ಲ. ನನ್ನ ಆತಂಕ ತೋಟದ ನೆರಳಿನದು. ಬೆಲೆ ಏರಿದಾಗ ಬಿಸಿಲು ಹೆಚ್ಚು ಬಿಟ್ಟು ಇಳುವರಿ ತೆಗೆಯುವ ಆಸೆ ಸಹಜವಾಗಿ ಹುಟ್ಟುತ್ತದೆ. ಆಗ ಕೊಡಲಿ ಬೀಳುವುದು ಅತ್ತಿ, ಬಸರಿ, ನಂದಿ, ಹೊನ್ನೆ, ಹಲಸಿನ ಮೇಲೆ.

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ಅದೇ ನೆಲ ಕಾವೇರಿಯ ಜಲಾನಯನ. ಕಡಿಮೆ ಜಾಗದಲ್ಲಿ ಹೆಚ್ಚು ಬೆಳೆದು ಕಾಡನ್ನು ಬೇರೆಯಾಗಿ ಉಳಿಸೋಣ ಎನ್ನುವ ವಾದವೊಂದಿದೆ. ಕೊಡಗಿಗೆ ಅದು ಹೊಂದುವುದಿಲ್ಲ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ. ನಡುವೆ ತೋಟಗಳು, ಅವುಗಳೊಳಗೆ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳು. ಹಕ್ಕಿ, ಅಳಿಲು, ಜೇನು ಇವೆಲ್ಲ ಒಂದು ಕಾಡಿನಿಂದ ಇನ್ನೊಂದಕ್ಕೆ ಹಾಯುವುದು ತೋಟದ ಮರಗಳ ಮೇಲೆಯೇ.

ಜೇನಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೊಬಸ್ಟಾ ಹೂವು ತನ್ನ ಗಿಡದ ಪರಾಗದಿಂದಲೇ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬರಬೇಕು. ಹೂಮಳೆ ಬಿದ್ದು ಅಥವಾ ಸ್ಪ್ರಿಂಕ್ಲರ್ ಹಾಯಿಸಿ ವಾರ–ಹತ್ತು ದಿನಕ್ಕೆ ತೋಟವೆಲ್ಲ ಒಮ್ಮೆಲೇ ಬಿಳಿಯಾಗುತ್ತದೆ, ಎರಡು ಮೂರು ದಿನಕ್ಕೆ ಬಾಡುತ್ತದೆ. ಅಷ್ಟರೊಳಗೆ ಕೆಲಸ ಮುಗಿಯಬೇಕು. ಗಾಳಿಯೂ ಪರಾಗ ಒಯ್ಯುತ್ತದೆ ನಿಜ, ಆದರೆ ಹೆಜ್ಜೇನು, ತುಡುವೆ ಬಂದ ಕಡೆ ಕಾಯಿ ಹೆಚ್ಚು ಕಟ್ಟುತ್ತದೆ. ಹೆಜ್ಜೇನು ತಟ್ಟಿ ಕಟ್ಟುವುದು ಎತ್ತರದ ಮರದ ದಪ್ಪ ಕೊಂಬೆಗೆ. ಮೆಣಸಿನ ಬಳ್ಳಿ ಹಬ್ಬಿಸಲು ಸವರಿ ನಿಲ್ಲಿಸಿದ ಸಿಲ್ವರ್ ಓಕ್‌ನಲ್ಲಿ ಆ ಅನುಕೂಲ ಎಲ್ಲಿದೆ? ಅರೇಬಿಕಾದ ಕಥೆ ಬೇರೆ, ಆದರೆ ಅಲ್ಲಿಯೂ ನೆರಳು ತೆಳುವಾದಷ್ಟೂ ಬಿಳಿ ಕಾಂಡಕೊರಕದ ಕಾಟ ಜೋರು. ಬಿಸಿಲು ಬೀಳುವ ಕಾಂಡದ ಮೇಲೆಯೇ ಆ ದುಂಬಿ ಮೊಟ್ಟೆಯಿಡುತ್ತದೆ.

ಇದು ಬೆಳೆಗಾರನಿಗೆ ಗೊತ್ತಿಲ್ಲವೆಂದಲ್ಲ. ಹಾಗಿದ್ದರೂ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ತೋಟ ತುಂಬುತ್ತಿರುವುದೇಕೆ? ಬೇಗ ಬೆಳೆಯುತ್ತದೆ, ಮೆಣಸಿಗೆ ಒಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಡ. 1976ರ ಮರ ಸಂರಕ್ಷಣಾ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿ ಅದರ ಹೆಸರಿದೆ. ಹೊನ್ನೆಗೋ ನಂದಿಗೋ ಆ ಭಾಗ್ಯವಿಲ್ಲ. ಕೊಡಗಿನ ವಂಶಪಾರಂಪರ್ಯ ಹಿಡುವಳಿಗಳಾದ ಜಮ್ಮಾ ಬಾಣೆಗಳಲ್ಲಿ ತೊಡಕು ಇನ್ನೂ ಹಳೆಯದು: ಮರದ ಮೌಲ್ಯ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಳ್ಳದ ಜಮೀನಿನಲ್ಲಿ ಕಾಡುಮರ ಸಾಕಿದವನು ಅದರ ಒಡೆಯನೇ ಅಲ್ಲ. ಮಗಳ ಮದುವೆಗೋ ಮಗನ ಓದಿಗೋ ಆಗದ ಮರವನ್ನು ಯಾರು ನೆಟ್ಟಾರು? ತಾನಾಗಿ ಹುಟ್ಟಿದ ಸಸಿ ಕಳೆ ಕೊಚ್ಚುವಾಗಲೇ ಹೋಗುತ್ತದೆ. ಆನೆ ಬರುತ್ತದೆಂಬ ಭಯಕ್ಕೆ ಹಲಸೂ ಹೋಗುತ್ತಿದೆ, ಅದನ್ನು ಬರೀ ದುರಾಸೆ ಎನ್ನುವ ಧೈರ್ಯ ನನಗಿಲ್ಲ.

ಹಕ್ಕು ಕೊಟ್ಟರೆ ಮರುದಿನವೇ ಲಾರಿ ಸಾಲುಗಟ್ಟುತ್ತದೆ ಎಂದು ಅರಣ್ಯ ಇಲಾಖೆ ಹೆದರುವುದರಲ್ಲಿ ಅರ್ಥವಿದೆ. ಈಗ ನಿಂತಿರುವ ಹಳೆಯ ಮರಗಳಿಗೆ ಬಿಗಿ ಇರಲಿ. ಆದರೆ ಬೆಳೆಗಾರ ಇಂದು ನೆಟ್ಟು, ದಾಖಲೆ ಮಾಡಿಸಿ ಬೆಳೆಸಿದ ಹೊನ್ನೆ, ನಂದಿ ಪೂರ್ತಿ ಅವನದೇ ಎಂದು ಕಾನೂನು ಬರೆಯಲು ಏನಡ್ಡಿ? ಒಂದು ಕಡಿದರೆ ಮತ್ತೆ ನೆಡಬೇಕೆಂಬ ಷರತ್ತೂ ಇರಲಿ. ಹಳೆಯ ಮರ ಉಳಿಸಿಕೊಂಡವನಿಗೆ ಎಕರೆಗಿಷ್ಟು ಎಂದು ಹಣ ಸಂದಾಯವಾಗಬೇಕು. ಕಾವೇರಿಯ ನೀರು ಕುಡಿಯುವ ಬೆಂಗಳೂರು, ಮೈಸೂರಿನವರು ಅದರಲ್ಲಿ ಪಾಲು ಕೊಡುವುದು ನ್ಯಾಯ.

ನಮ್ಮ ಕಾಫಿಯ ಬಹುಪಾಲು ರಫ್ತಾಗುತ್ತದೆ, ಇಟಲಿ ದೊಡ್ಡ ಗಿರಾಕಿ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ಬೇಡವೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು, ಜಾರಿಯನ್ನು ಮುಂದೂಡುತ್ತಾ ಬಂದಿದೆ. ಆ ಕಾನೂನಿನ ಕಣ್ಣಿಗೆ ತೋಟ ಕಾಡಲ್ಲ. ಹಾಗಾಗಿ ತೋಟದ ಅತ್ತಿ, ಬಸರಿ ತೆಗೆದು ಸಿಲ್ವರ್ ಓಕ್ ತುಂಬಿದರೂ ಅದಕ್ಕೆ ತಕರಾರಿಲ್ಲ. ಈ ಕಾನೂನಿಗಾಗಿ ಪ್ರತಿ ತೋಟದ ಸ್ಥಳವನ್ನು ಹೇಗೂ ದಾಖಲಿಸಬೇಕಾಗಿದೆ. ಜೊತೆಗೆ ಅಲ್ಲಿ ಎಷ್ಟು ಜಾತಿಯ ಮರಗಳಿವೆ ಎಂದೂ ಕಾಫಿ ಮಂಡಳಿ ಬರೆಸಿಕೊಳ್ಳಲಿ, ಆ ಪಟ್ಟಿ ಹಿಡಿದು ಇಟಲಿಯ ಗಿರಾಕಿಯ ಹತ್ತಿರ ಹೆಚ್ಚಿನ ಬೆಲೆ ಕೇಳಲಿ.