ಅಪ್ಪನಿಗೆ ಡಿಜೆ ಸೆಟ್ ಬೇಕಂತೆ, ನಗಬೇಡಿ

ನಮ್ಮ ಕಡೆ ಡಿಜೆ ಅಂದ್ರೆ ಮೊದಲು ನೆನಪಾಗೋದು ಗಣೇಶನ ಮೆರವಣಿಗೆ. ಟ್ರ್ಯಾಕ್ಟರ್ ತುಂಬಾ ಸ್ಪೀಕರ್, ಎದೆ ನಡುಗಿಸೋ ಬೇಸ್, ಹಿಂದೆ ಒಂದು ಜನರೇಟರ್. ಹಾಗಾಗಿ ಹೋದ ವರ್ಷ ದಸರಾ ರಜೆಯಲ್ಲಿ ಅಪ್ಪ ಊಟದ ಮಧ್ಯೆ, "ಈ ಡಿಜೆ ಮಾಡೋ ಮೆಷಿನ್ ಇರುತ್ತಲ್ಲ, ಕಲಿಯೋರಿಗೆ ಅಂತ ಕಡಿಮೆ ರೇಟಲ್ಲಿ ಸಿಗುತ್ತೇನೋ?" ಅಂತ ಕೇಳಿದಾಗ ನಾನು ನಕ್ಕುಬಿಟ್ಟೆ. ಅಪ್ಪನಿಗೆ 54 ವರ್ಷ, ಸೊಸೈಟಿಯಲ್ಲಿ ಕ್ಲರ್ಕ್. "ಯಾಕೆ, ರಿಟೈರ್ ಆದ್ಮೇಲೆ ಮೆರವಣಿಗೆಗೆ ಹೋಗ್ತೀರಾ?" ಅಂದೆ. ಅವರೂ ನಕ್ಕರು. ಆಮೇಲೆ ಮೂರು ತಿಂಗಳು ಆ ಮಾತೇ ಎತ್ತಲಿಲ್ಲ.

ವಿಷಯ ಬಿಡಿಸಿ ಹೇಳಿದ್ದು ಅಮ್ಮ. ಮದುವೆಗೆ ಮುಂಚೆ ಅಪ್ಪ ಅರಸೀಕೆರೆಯಲ್ಲಿ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದರಂತೆ. ಜನ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ತಂದುಕೊಡೋರು, ಇವರು ಖಾಲಿ ಕ್ಯಾಸೆಟ್‌ಗೆ ರೆಕಾರ್ಡ್ ಮಾಡಿಕೊಡೋರು. 60 ನಿಮಿಷದ ಕ್ಯಾಸೆಟ್ ಅಂದ್ರೆ ಒಂದು ಸೈಡಿಗೆ 30 ನಿಮಿಷ. ಕೊನೇ ಹಾಡು ಅರ್ಧಕ್ಕೆ ಕಟ್ ಆಗಬಾರದು, ಯಾವ ಹಾಡಿನ ಹಿಂದೆ ಯಾವುದು ಬಂದ್ರೆ ಚೆನ್ನ ಅಂತ ಗೊತ್ತಿರಬೇಕು. ಅಂದ್ರೆ ನಾವು ಫೆಸ್ಟ್‌ಗೆ ಕರೆಸೋ ಡಿಜೆ ಮಾಡೋ ಕೆಲಸದ ಅರ್ಧ ಭಾಗವನ್ನ ನಮ್ಮಪ್ಪ ನಾನು ಹುಟ್ಟೋ ಮೊದಲೇ ಮಾಡಿದ್ದಾರೆ. ನನಗೆ ಮಾತ್ರ ಗೊತ್ತಿರಲಿಲ್ಲ.

ತಪ್ಪು ಮಾಡಿದ್ದೆ ಅನ್ನಿಸಿ, ಸರಿಮಾಡೋಕೆ ಹೋಗಿ ಇನ್ನೊಂದು ತಪ್ಪು ಮಾಡಿದೆ. ಆನ್‌ಲೈನಲ್ಲಿ ಸಿಕ್ಕಿದ್ದರಲ್ಲೇ ಅಗ್ಗದ ಒಂದು ಪುಟಾಣಿ ಕಂಟ್ರೋಲರ್ ತರಿಸಿಕೊಟ್ಟೆ. "ಈ ವಯಸ್ಸಿಗೆ ಇಷ್ಟು ಸಾಕು" ಅನ್ನೋದೇ ನನ್ನ ತಲೆಯಲ್ಲಿದ್ದದ್ದು. ಅದರಲ್ಲಿ ಬಣ್ಣಬಣ್ಣದ ಲೈಟ್ ಇತ್ತು, ಹೆಡ್‌ಫೋನ್ ಜ್ಯಾಕ್ ಇರಲಿಲ್ಲ. ಅಪ್ಪ ಮುಂದಿನ ಹಾಡು ಹುಡುಕೋದು, ತಪ್ಪೋದು, ಹಿಂದೆ ಹೋಗೋದು, ಎಲ್ಲವೂ ಇಡೀ ಮನೆಗೆ ಕೇಳಿಸ್ತಿತ್ತು. ಒಂದು ವಾರದಲ್ಲಿ ಅದು ಅಟ್ಟ ಸೇರಿತು.

ಈ ಲೇಖನದಲ್ಲಿ ನಾನು ಹೇಳಬೇಕು ಅಂದ್ಕೊಂಡಿರೋದು ಇಷ್ಟೇ: ತಡವಾಗಿ ಕಲಿಯೋರಿಗೆ ಅಗ್ಗದ ಸೆಟ್ ಆರಿಸುವಾಗ ಗುಂಡಿಗಳಲ್ಲಿ, ಲೈಟುಗಳಲ್ಲಿ, ಬ್ರ್ಯಾಂಡಿನಲ್ಲಿ ದುಡ್ಡು ಉಳಿಸಿ. ಕಿವಿಯ ವಿಷಯದಲ್ಲಿ ಉಳಿಸಬೇಡಿ.

ಡಿಜೆ ಕೆಲಸದ ಮೂಲವೇ ಎರಡು ಬೇರೆ ಬೇರೆ ಸದ್ದುಗಳನ್ನ ಕೇಳಿಸಿಕೊಳ್ಳೋದು. ಜನಕ್ಕೆ ಕೇಳ್ತಿರೋ ಹಾಡು ಸ್ಪೀಕರಲ್ಲಿ, ಮುಂದೆ ಬರೋ ಹಾಡು ಹೆಡ್‌ಫೋನಲ್ಲಿ. ಇದಕ್ಕೆ ಕ್ಯೂ ಅಂತಾರೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅನ್ನೋ ಹುಡುಗ ವೊಕೇಶನಲ್ ಹೈಸ್ಕೂಲಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಿದ್ದ. ಇದಕ್ಕೋಸ್ಕರನೇ ತನ್ನ ಮಿಕ್ಸರ್‌ಗೆ ತಾನೇ ಒಂದು ಸರ್ಕ್ಯೂಟ್ ಜೋಡಿಸಿಕೊಂಡ. ಈಗ ಅದು ಕಂಟ್ರೋಲರ್ ಒಳಗಿನ ಸೌಂಡ್ ಕಾರ್ಡಲ್ಲೇ ಬರುತ್ತೆ: ಮಾಸ್ಟರ್‌ಗೆ ಒಂದು ಔಟ್‌ಪುಟ್, ಹೆಡ್‌ಫೋನಿಗೆ ಇನ್ನೊಂದು. ಅದಿಲ್ಲದ ಡಬ್ಬಿ ಎಷ್ಟೇ ಅಗ್ಗವಾದರೂ ದಂಡ.

ಎರಡನೇದು ಟೆಂಪೋ ಸ್ಲೈಡರ್. "ಸಿಂಕ್ ಬಟನ್ ಒತ್ತಿದ್ರೆ ಆಯ್ತಲ್ಲ ಮಗಾ, ಸ್ಲೈಡರ್ ಯಾಕೆ?" ಅಂತ ನನ್ನ ರೂಮ್‌ಮೇಟ್ ಕೇಳಿದ. ಕಂಪ್ಯೂಟರಲ್ಲೇ ತಯಾರಾದ ಈಗಿನ ಹಾಡುಗಳಿಗೆ ಅವನು ಹೇಳಿದ್ದು ಸರಿ. ಆದ್ರೆ ಅಪ್ಪನಿಗೆ ಬೇಕಿರೋದು ರಾಜನ್-ನಾಗೇಂದ್ರ ಕಾಲದ ಹಾಡುಗಳು. ಆಗ ಇಡೀ ವಾದ್ಯವೃಂದ ಒಟ್ಟಿಗೆ ಕೂತು ನುಡಿಸೋದು. ತಬಲಾ ಬಾರಿಸೋ ಮನುಷ್ಯ ಚರಣದಲ್ಲಿ ಸ್ವಲ್ಪ ಮುಂದೆ ಓಡ್ತಾನೆ, ಪಲ್ಲವಿಗೆ ಬಂದಾಗ ನಿಧಾನ ಆಗ್ತಾನೆ. ಸಾಫ್ಟ್‌ವೇರ್ ಇಡೀ ಹಾಡಿಗೆ ಒಂದೇ ಬಿಪಿಎಂ ಅಂದ್ಕೊಂಡು ಗೆರೆ ಎಳೆದ್ರೆ, ಆ ಗೆರೆ ತಾಳದ ಮೇಲೆ ಕೂರೋದೇ ಇಲ್ಲ. ಒಂದು ಹಾಡು 100 ಬಿಪಿಎಂ, ಇನ್ನೊಂದು 101 ಅಂತಿಟ್ಟುಕೊಳ್ಳಿ. ಒಟ್ಟಿಗೆ ಶುರು ಮಾಡಿದ್ರೂ 30 ಸೆಕೆಂಡಿಗೆ ಅರ್ಧ ಬೀಟ್ ತಪ್ಪಿರುತ್ತೆ, ಕುದುರೆ ಕುಂಟಿದ ಹಾಗೆ ಕೇಳಿಸುತ್ತೆ. ಅದನ್ನ ಕಿವಿಯಿಂದ ಹಿಡಿದು ಕೈಯಿಂದ ಸರಿಮಾಡೋಕೆ ಸರಿಯಾದ ಸ್ಲೈಡರ್, ಅಂಗೈಗೆ ಸಿಗೋಷ್ಟು ದೊಡ್ಡ ಚಕ್ರ ಬೇಕು. ಬೆರಳುಗಾತ್ರದ ಚಕ್ರದಲ್ಲಿ ಆಗಲ್ಲ.

ಅಪ್ಪನ ಬಜೆಟ್ 15,000 ರೂಪಾಯಿ. ಅಷ್ಟರಲ್ಲಿ ಹೊಸದು ಹುಡುಕೋದು ಬಿಟ್ಟು, ಬೆಂಗಳೂರಲ್ಲಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಪಯೋನಿಯರ್ ಡಿಡಿಜೆ-400 ತಗೊಂಡ್ವಿ. 2018ರಲ್ಲಿ ಬಂದ ಮಾಡೆಲ್, ಎರಡೇ ಚಾನೆಲ್, ಸೌಂಡ್ ಕಾರ್ಡ್ ಒಳಗೇ ಇದೆ, ಕರೆಂಟ್ ಯುಎಸ್‌ಬಿಯಿಂದಲೇ. ನಾಲ್ಕು ಚಾನೆಲ್ ಕಲಿಯೋರಿಗೆ ಬೇಕಿಲ್ಲ. ಹಳೇದು ತಗೊಳ್ಳೋಕೆ ಹೋಗುವಾಗ ಲ್ಯಾಪ್‌ಟಾಪ್ ಜೊತೆಗೆ ಒಯ್ಯಿರಿ. ಒಂದೊಂದು ಫೇಡರ್ ಎಳೆದು ನೋಡಿ, ಹೆಡ್‌ಫೋನಿನ ಎರಡೂ ಕಿವಿಯಲ್ಲಿ ಸದ್ದು ಬರುತ್ತಾ ಕೇಳಿ, ಯುಎಸ್‌ಬಿ ಕೇಬಲ್ ಸ್ವಲ್ಪ ಅಲುಗಾಡಿಸಿ. ಕಲಿಯೋದು ಬಿಟ್ಟರೂ ಹಳೇದನ್ನ ಮತ್ತೆ ಮಾರಿದ್ರೆ ಹೆಚ್ಚು ನಷ್ಟ ಇಲ್ಲ.

"ಎರಡು ತಿಂಗಳಲ್ಲಿ ಬೇಜಾರಾಗಿ ಬಿಟ್ರೆ?" ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನ್ನ ಉತ್ತರ, ಮೊದಲು ದುಡ್ಡೇ ಹಾಕಬೇಡಿ. ಮಿಕ್ಸ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ಎರಡು ವಾರ ಕೀಬೋರ್ಡಲ್ಲೇ ಆಡಿ ನೋಡಲಿ. ಇನ್ನೂ ಬೇಕು ಅನ್ನಿಸಿದ್ರೆ ಆಗ ಕಂಟ್ರೋಲರ್. ನಮ್ಮ ಹಳೇ ಲ್ಯಾಪ್‌ಟಾಪಲ್ಲಿ ಕೈ ಆಡಿಸಿದ್ದಕ್ಕೂ ಸದ್ದು ಬರೋದಕ್ಕೂ ಸ್ವಲ್ಪ ತಡ ಆಗ್ತಿತ್ತು. ಬಫರ್ 1024 ಸ್ಯಾಂಪಲ್ ಇತ್ತು. 44,100ರಿಂದ ಭಾಗಿಸಿದ್ರೆ 23 ಮಿಲಿಸೆಕೆಂಡ್. 256ಕ್ಕೆ ಇಳಿಸಿದೆ, 6ರ ಒಳಗೆ ಬಂತು. ಸಿಗ್ನಲ್ಸ್ ಸಬ್ಜೆಕ್ಟ್ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಇನ್ನೆರಡು ಮಾತು. ಹೆಡ್‌ಫೋನ್ ಕಿವಿ ಪೂರ್ತಿ ಮುಚ್ಚೋ ವೈರ್ ಇರೋದೇ ಇರಲಿ, ಬ್ಲೂಟೂತ್ ಬೇಡ. ಅದರಲ್ಲಿ ಸದ್ದು ತಡವಾಗಿ ಬರುತ್ತೆ, ತಾಳ ಕೂರಲ್ಲ. ವಾಲ್ಯೂಮ್ ಮೇಲೂ ಕಣ್ಣಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ವಾರಕ್ಕೆ 40 ಗಂಟೆ ಕೇಳಬಹುದು, 90 ಆದ್ರೆ 4 ಗಂಟೆ ಮಾತ್ರ. ಐವತ್ತು ದಾಟಿದ ಕಿವಿಯನ್ನ ಇನ್ನಷ್ಟು ಜೋಪಾನ ಮಾಡಬೇಕು. ಕಣ್ಣಿಗೂ ಚಾಳೀಸು ಬಂದಿರುತ್ತೆ, ಕಪ್ಪು ಡಬ್ಬಿ ಮೇಲಿನ ಸಣ್ಣಕ್ಷರ ಕಾಣಲ್ಲ. ನಾವು ಬಿಳಿ ಟೇಪ್ ಅಂಟಿಸಿ ಕನ್ನಡದಲ್ಲಿ ದೊಡ್ಡದಾಗಿ ಬರೆದ್ವಿ. ಕ್ಯೂ ಬಟನ್ ಮೇಲೆ ಅಪ್ಪನೇ "ಕಿವಿಗೆ" ಅಂತ ಬರೆದಿದ್ದಾರೆ.

ವಯಸ್ಸಾಯ್ತು ಅನ್ನೋರಿಗೆ ಒಂದು ಉದಾಹರಣೆ. ಟೋಕಿಯೋದಲ್ಲಿ ಹೋಟೆಲ್ ನಡೆಸ್ತಿದ್ದ ಸುಮಿಕೊ ಇವಾಮುರೊ ಅನ್ನೋ ಅಜ್ಜಿ 77ನೇ ವಯಸ್ಸಿಗೆ ಡಿಜೆ ಶಾಲೆ ಸೇರಿದರು. 2018ರಲ್ಲಿ ಗಿನ್ನೆಸ್ ದಾಖಲೆಗೂ ಸೇರಿದರು. ನಮ್ಮಪ್ಪನಿಗೆ ಕ್ಲಬ್ಬೂ ಬೇಡ, ದಾಖಲೆಯೂ ಬೇಡ. ಭಾನುವಾರ ಸಂಜೆ ಎರಡು ಗಂಟೆ ಸಿಕ್ಕಿದ್ರೆ ಸಾಕು.

ಮೊನ್ನೆ ಇಂಟರ್ನಲ್ಸ್ ಮುಗಿದ ದಿನ ಅಪ್ಪ ವಾಟ್ಸಾಪಲ್ಲಿ ಎರಡು ಫೈಲ್ ಕಳಿಸಿದ್ರು, ಸೈಡ್ ಎ ಮತ್ತು ಸೈಡ್ ಬಿ. ಬಸ್ಸಲ್ಲಿ ಕೇಳ್ತಾ ಬಂದೆ. ಮೂರು ಕಡೆ ತಾಳ ತಪ್ಪಿದೆ, ಒಂದು ಕಡೆ ಜೋರಾಗಿಯೇ ತಪ್ಪಿದೆ. ಆದ್ರೆ ಎರಡೂ ಫೈಲ್ 30 ನಿಮಿಷಕ್ಕೆ ಕೆಲವೇ ಸೆಕೆಂಡ್ ಮುಂಚೆ ಮುಗೀತವೆ, ಕೊನೇ ಹಾಡು ಎಲ್ಲೂ ಕಟ್ ಆಗಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೇಳಬಹುದು, ಡಿಜೆ ಸೆಟ್ಟೇ ಆಗಬೇಕಿಲ್ಲ, ಕ್ಯಾಮೆರಾನೋ ಕೀಬೋರ್ಡೋ ಇರಬಹುದು. ರೇಟ್ ಹುಡುಕೋಕೆ ಮುಂಚೆ, ನಗೋಕೂ ಮುಂಚೆ, "ಏನು ನುಡಿಸ್ಬೇಕು ಅಂತಿದೀರ?" ಅಂತ ಒಂದು ಮಾತು ಕೇಳಿ. ನಾನು ಮೊದಲೇ ಕೇಳಿದ್ದಿದ್ರೆ ಮೂರು ತಿಂಗಳು ಉಳೀತಿತ್ತು.