ಕೂಡಿಸುವುದು ಒಂದು ದಿನ, ಕಾಯುವುದು ಇಪ್ಪತ್ತೈದು ವರ್ಷ

ಬಸವಕಲ್ಯಾಣದ ಸಮೀಪದ ನಾರಾಯಣಪುರದಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಶಿವಾಲಯವೊಂದಿದೆ. ಆ ಕಾಲದ ದಾನಶಾಸನಗಳನ್ನು ಬಲ್ಲವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಹೊಸದಲ್ಲ. ದೇಗುಲದಲ್ಲಿ ಒಡೆದುದನ್ನು, ಬಿರುಕು ಬಿಟ್ಟುದನ್ನು, ಹಳತಾದುದನ್ನು ಸರಿಪಡಿಸುವ ವೆಚ್ಚಕ್ಕೆಂದೇ ಭೂಮಿಯನ್ನೋ ಸುಂಕದ ಆದಾಯದ ಒಂದು ಪಾಲನ್ನೋ ಮೀಸಲಿಡುತ್ತಿದ್ದರು. ಕೆರೆಗಳಿಗೆ ‘ಬಿತ್ತುವಟ್ಟ’ವೆಂಬ ದತ್ತಿಯಿತ್ತು, ತೂಬು ನೋಡಿಕೊಳ್ಳಲು ನೀರುಗಂಟಿಯಿದ್ದ. ಕಟ್ಟುವಾಗಲೇ ಕಾಪಾಡುವ ಬಗೆಯನ್ನೂ ಯೋಚಿಸುವ ವಿವೇಕ ಈ ನಾಡಿಗಿತ್ತು. ನೀರುಗಂಟಿ ಮರೆಯಾದ ಮೇಲೆ ಕೆರೆಗಳಲ್ಲಿ ಹೂಳು ತುಂಬಿದ ಕತೆ ನಮ್ಮ ಓದುಗರಿಗೆ ತಿಳಿದದ್ದೇ.

ಇಂದು ಮನೆಗಳ ಮೇಲೆ ಏರುತ್ತಿರುವ ಸೌರಫಲಕಗಳ ವಿಷಯದಲ್ಲಿ ಆ ವಿವೇಕ ಕಾಣುತ್ತಿಲ್ಲ. 2024ರ ಫೆಬ್ರವರಿಯಲ್ಲಿ ಆರಂಭವಾದ ‘ಪಿಎಂ ಸೂರ್ಯಘರ್’ ಯೋಜನೆ ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿತು. 3 ಕಿಲೋವ್ಯಾಟ್‌ನ ಘಟಕಕ್ಕೆ ಆ ಯೋಜನೆ ನಿಗದಿಪಡಿಸಿದ ಸಹಾಯಧನ 78,000 ರೂಪಾಯಿ. ಫಲಕ ತಯಾರಿಸಿದವರು ಅದರ ಕಾರ್ಯಕ್ಷಮತೆಗೆ ಕೊಡುವ ಭರವಸೆ ಸಾಮಾನ್ಯವಾಗಿ 25 ವರ್ಷದ್ದು. ಕೂಡಿಸಿದವರು ನಿರ್ವಹಣೆಯ ಹೊಣೆ ಹೊರಬೇಕಾದದ್ದು 5 ವರ್ಷ. ಉಳಿದ 20 ವರ್ಷ ಅದನ್ನು ನೋಡಿಕೊಳ್ಳುವವರು ಯಾರು? ಅರ್ಜಿಯ ಯಾವ ಪುಟದಲ್ಲೂ ಈ ಪ್ರಶ್ನೆ ಇಲ್ಲ. ಇದನ್ನು ಕೇಳಬೇಕಾದವರು ಮೊದಲಿಗೆ ನಾವು, ಸೌರಶಕ್ತಿಯ ಪರವಾಗಿ ದಶಕಗಳಿಂದ ಮಾತಾಡುತ್ತ ಬಂದವರು.

ಗುಡ್ಡಗಾಡಿನವರ ಪತ್ರಿಕೆಯೊಂದು ಬೀದರ ಜಿಲ್ಲೆಯ ಬಯಲಿನ ಊರನ್ನು ಮುಂದಿಟ್ಟುಕೊಂಡು ಈ ಮಾತು ಎತ್ತಲು ಕಾರಣವಿದೆ. ನಮ್ಮಲ್ಲಿ ವರ್ಷಗಟ್ಟಲೆ ನಿಧಾನವಾಗಿ ಆಗುವ ಕೇಡು ಅಲ್ಲಿ ಕೆಲವೇ ವಾರಗಳಲ್ಲಿ ಕಣ್ಣಿಗೆ ಕಾಣುತ್ತದೆ. ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಮುಂಗಾರು ಹಿಂದೆ ಸರಿದ ಮೇಲೆ ಮುಂದಿನ ಜೂನ್‌ವರೆಗೆ ಹದವಾದ ಮಳೆ ಅಪರೂಪ. ತೊಗರಿಯ ರಾಶಿ, ಕಬ್ಬಿನ ಸಾಗಣೆ, ಕೆಮ್ಮಣ್ಣಿನ ದಾರಿಗಳು, ಬೇಸಿಗೆಯ ಸುಳಿಗಾಳಿ ಎಲ್ಲವೂ ಧೂಳೆಬ್ಬಿಸುತ್ತವೆ. ಚಳಿಗಾಲದ ಇಬ್ಬನಿ ಆ ಧೂಳನ್ನು ಗಾಜಿನ ಮೇಲೆ ಕಲಸುತ್ತದೆ. ಹಗಲಿನ ಬಿಸಿಲು ಅದನ್ನು ಒಣಗಿಸಿ ಅಂಟಿಸುತ್ತದೆ. ಫಲಕದ ಕೆಳ ಅಂಚಿನಲ್ಲಿ, ಚೌಕಟ್ಟಿನ ಒತ್ತಿಗೆ, ಈ ಕೆಸರು ಪಟ್ಟಿಯಾಗಿ ಕೂರುತ್ತದೆ. ನೆಲದಲ್ಲಿ ನಿಂತು ನೋಡಿದವರಿಗೆ ಏನೂ ಕಾಣದು. ಮಾಳಿಗೆ ಹತ್ತಿದವರಿಗಷ್ಟೇ ಗೊತ್ತಾಗುತ್ತದೆ.

ಈ ಧೂಳಿನಿಂದಾಗುವ ನಷ್ಟ ಸಣ್ಣದಲ್ಲ. ಗಾಂಧಿನಗರದ ಐಐಟಿ ಹಾಗೂ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ವಾರ ಹಾಗೇ ಬಿಟ್ಟ ಫಲಕಗಳನ್ನು ತೊಳೆದಾಗ ಉತ್ಪಾದನೆ ಸುಮಾರು ಶೇ. 50ರಷ್ಟು ಏರಿತು. ಎಲ್ಲ ಊರಿನಲ್ಲೂ ಇಷ್ಟೇ ಆಗುತ್ತದೆಂದಲ್ಲ. ನಮ್ಮ ರಾಜ್ಯದಲ್ಲಿ 1 ಕಿಲೋವ್ಯಾಟ್ ಫಲಕ ಸರಾಸರಿ ದಿನಕ್ಕೆ 4 ಯೂನಿಟ್ಟಿನಷ್ಟು ಕೊಡುತ್ತದೆ. 3 ಕಿಲೋವ್ಯಾಟ್‌ನ ಘಟಕದಿಂದ ತಿಂಗಳಿಗೆ ಸುಮಾರು 360 ಯೂನಿಟ್. ಹತ್ತರಲ್ಲೊಂದು ಪಾಲು ಧೂಳಿಗೆ ಹೋದರೂ ತಿಂಗಳಿಗೆ 36 ಯೂನಿಟ್ ಕಳೆದಂತಾಯಿತು. ಒಂದು ಬಡ ಕುಟುಂಬದ ದೀಪ, ಫ್ಯಾನುಗಳಿಗೆ ಸಾಕಾಗುವಷ್ಟು ವಿದ್ಯುತ್ತು ಅದು.

ಹಕ್ಕಿಯ ಹಿಕ್ಕೆ, ಅಂಟಿಕೊಂಡ ಎಲೆ, ನೀರಿನ ಟ್ಯಾಂಕಿನ ನೆರಳು, ಬಟ್ಟೆ ಒಣಹಾಕಿದ ಹಗ್ಗದ ನೆರಳು ಇನ್ನೊಂದು ಬಗೆಯ ಕೇಡು. ಫಲಕದೊಳಗಿನ ಕೋಶಗಳು ಸರಪಳಿಯಂತೆ ಒಂದಕ್ಕೊಂದು ಜೋಡಿಸಿದವು. ಒಂದು ಕೋಶಕ್ಕೆ ಬೆಳಕು ತಪ್ಪಿದರೆ ಅದೇ ಸಾಲಿನ ಉಳಿದ ಕೋಶಗಳ ಹರಿವೂ ಕುಗ್ಗುತ್ತದೆ. ಮರೆಯಾದ ಕೋಶ ವಿದ್ಯುತ್ತು ಕೊಡುವ ಬದಲು ಹೀರಿಕೊಂಡು ಬಿಸಿಯಾಗುತ್ತದೆ. ಇದನ್ನು ತಡೆಯಲು ಫಲಕದ ಹಿಂಬದಿಯ ಪೆಟ್ಟಿಗೆಯಲ್ಲಿ ಡಯೋಡುಗಳಿರುತ್ತವೆ. ಆದರೂ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಆ ಜಾಗ ಕಂದಿ ಸುಟ್ಟುಹೋಗಬಹುದು. ಅಂಗೈಯಗಲದ ಹಿಕ್ಕೆಯನ್ನು ತೆಗೆಯಲು ಎರಡು ನಿಮಿಷ ಸಾಕು. ಸುಟ್ಟ ಫಲಕಕ್ಕೆ ದುರಸ್ತಿಯಿಲ್ಲ.

ಹಾಗಾದರೆ ತೊಳೆಯುವುದು ಹೇಗೆ? ಸೂರ್ಯ ಏರುವ ಮೊದಲು ಅಥವಾ ಸಂಜೆ ಗಾಜು ತಣಿದ ಮೇಲೆ. ನಡುಹಗಲಲ್ಲಿ ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಗಾಜು ಬಿರಿಯುವ ಅಪಾಯವಿದೆ. ನೀರು ಕ್ಷಣದಲ್ಲಿ ಆರಿ ಕಲೆಯನ್ನೂ ಉಳಿಸುತ್ತದೆ. ಮೊದಲು ನೀರು ಹನಿಸಿ ಧೂಳನ್ನು ನೆನೆಯಗೊಡಬೇಕು, ಅನಂತರ ಮೆತ್ತಗಿನ ಹತ್ತಿ ಬಟ್ಟೆ ಅಥವಾ ಸ್ಪಂಜಿನಿಂದ ಮೇಲಿನಿಂದ ಕೆಳಗೆ ಒರೆಸಬೇಕು. ಒಣ ಧೂಳನ್ನು ಉಜ್ಜಿದರೆ ಅದರ ಹರಳುಗಳೇ ಗಾಜನ್ನು ಗೀರುತ್ತವೆ. ಪಾತ್ರೆ ಬೆಳಗುವ ಬೂದಿ, ತೆಂಗಿನ ನಾರು, ತಂತಿಯ ಜುಂಗು, ಸೋಪಿನ ಪುಡಿ ಯಾವುದೂ ಬೇಡ. ಫಲಕದ ಮೇಲೆ ಕಾಲಿಡಲೇಬಾರದು. ಗಾಜು ತಡೆದುಕೊಂಡರೂ ಒಳಗಿನ ಕೋಶಗಳಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ.

ಹತ್ತಿಪ್ಪತ್ತು ವರ್ಷಗಳ ಹಿಂದಿನ ಎರಡು ದೀಪದ, 12 ವೋಲ್ಟಿನ ಸೌರ ವ್ಯವಸ್ಥೆಗೂ ಇಂದಿನ ಘಟಕಕ್ಕೂ ಇರುವ ವ್ಯತ್ಯಾಸವನ್ನು ಮನೆಯವರೆಲ್ಲ ತಿಳಿದಿರಬೇಕು. ಆರೆಂಟು ಫಲಕಗಳನ್ನು ಸಾಲಾಗಿ ಜೋಡಿಸಿದಾಗ ತಂತಿಯಲ್ಲಿ 300 ವೋಲ್ಟಿನಷ್ಟು ಒತ್ತಡವಿರಬಹುದು. ಇನ್‌ವರ್ಟರ್ ಆರಿಸಿದರೂ ಬೆಳಕಿರುವಷ್ಟು ಹೊತ್ತು ಫಲಕದ ಕಡೆಯ ತಂತಿಯಲ್ಲಿ ಅದು ಹಾಗೇ ಇರುತ್ತದೆ. ಗಾಜು ಒಡೆದಿದ್ದರೆ, ಇಲಿ ತಂತಿ ಕಡಿದಿದ್ದರೆ ನೀರು ಹಾಕುವುದಿರಲಿ, ಮುಟ್ಟಲೂ ಬಾರದು. ತಿಳಿದವರನ್ನು ಕರೆಸಬೇಕು.

ನೀರಿನ ಪ್ರಶ್ನೆಯೂ ಇದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಸೀಮೆಯಲ್ಲಿ ಫಲಕ ತೊಳೆಯಲು ನೀರೆಲ್ಲಿಂದ ತರುವುದು? ಒಂದು ಮನೆಯ ಫಲಕಗಳಿಗೆ ಎರಡು ಕೊಡ ನೀರು ಸಾಕು, ಪೈಪು ಹಿಡಿದು ಹರಿಸಬೇಕಾಗಿಲ್ಲ. ಗಡಸು ನೀರಿನ ಕೊಳವೆಬಾವಿಯಾದರೆ ಆರಿದ ಮೇಲೆ ಬಿಳಿಯ ಸುಣ್ಣದ ಪೊರೆ ಉಳಿಯುತ್ತದೆ. ವರ್ಷ ಕಳೆದಂತೆ ಅದೇ ಧೂಳಿಗಿಂತ ಕಠಿಣವಾದ ಮರೆಯಾಗುತ್ತದೆ. ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಮುಚ್ಚಿ ಹಿಡಿದಿಟ್ಟವರಿಗೆ ಈ ತೊಂದರೆಯಿಲ್ಲ. ಅದಿಲ್ಲದವರು ಒರೆಸಿದ ಕೂಡಲೇ ಒಣಬಟ್ಟೆಯಿಂದ ನೀರನ್ನು ತೆಗೆಯಬೇಕು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ರಾಶಿಯ ಕಾಲದಲ್ಲಿ ಕಣದ ಹತ್ತಿರದ ಮನೆಯವರು ವಾರಕ್ಕೊಮ್ಮೆ ಈ ಕೆಲಸ ಮಾಡಿದರೆ ಸಾಕು. ಮಳೆಗಾಲದಲ್ಲಿ ಆಕಾಶವೇ ತೊಳೆಯುತ್ತದೆ, ಫಲಕಕ್ಕೆ ಇಳಿಜಾರು ಇದ್ದರೆ. ನಾರಾಯಣಪುರದ ಅಕ್ಷಾಂಶ ಸುಮಾರು 18 ಡಿಗ್ರಿ. ದಕ್ಷಿಣಕ್ಕೆ ಮುಖಮಾಡಿ ಅಷ್ಟೇ ಓರೆಯಾಗಿ ಕೂಡಿಸಿದ ಫಲಕಕ್ಕೆ ಬಿಸಿಲೂ ಸಿಗುತ್ತದೆ, ನೀರೂ ನಿಲ್ಲುವುದಿಲ್ಲ.

ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚೆಂಬುದು ಅರ್ಧಸತ್ಯ. ಫಲಕಕ್ಕೆ ಬೆಳಕು ಬೇಕು, ಶಾಖ ಬೇಡ. ಕೋಶದ ಉಷ್ಣತೆ 25 ಡಿಗ್ರಿಗಿಂತ ಏರಿದ ಪ್ರತಿ ಡಿಗ್ರಿಗೆ ಉತ್ಪಾದನೆ ಸರಿಸುಮಾರು ಶೇ. 0.4ರಷ್ಟು ಇಳಿಯುತ್ತದೆ. ಮೇ ತಿಂಗಳ ಮಧ್ಯಾಹ್ನ ಕೋಶ 60 ಡಿಗ್ರಿ ದಾಟಿದರೆ ಶೇ. 14ರಷ್ಟು ಅಲ್ಲೇ ಹೋಯಿತು. ಇದಕ್ಕೆ ತೊಳೆಯುವುದು ಮದ್ದಲ್ಲ. ಮಾಳಿಗೆಗೂ ಫಲಕಕ್ಕೂ ನಡುವೆ ಗಾಳಿಯಾಡುವಷ್ಟು ಅಂತರ ಬಿಡಿಸಿಕೊಳ್ಳಬೇಕು, ಆ ಸಂದಿಯಲ್ಲಿ ಪಾರಿವಾಳ ಗೂಡು ಕಟ್ಟದಂತೆ, ಕಸ ಸೇರದಂತೆ ನೋಡಬೇಕು.

ಇನ್ನು ನಮ್ಮ ಮಲೆನಾಡಿನ ಮಾತು. ನಮಗೆ ಧೂಳಿನ ಕಾಟ ಕಡಿಮೆ. ಪಾಚಿ, ಕಲ್ಲುಹೂವು, ತರಗೆಲೆಗಳ ಕಾಟ ಹೆಚ್ಚು. ಮಳೆ ತೊಳೆಯಿತೆಂದು ಸುಮ್ಮನಿದ್ದ ಮನೆಗಳಲ್ಲಿ ಚೌಕಟ್ಟಿನ ಅಂಚಿನಿಂದ ಹಸಿರು ಮೇಲೇರುತ್ತದೆ. ಹೆಂಚಿನ ಇಳಿಜಾರು ಮಾಡು ಹತ್ತುವುದು ಜೀವಕ್ಕೇ ಅಪಾಯ. ನೆಲದಿಂದಲೋ ಜಗಲಿಯಿಂದಲೋ ಎಟುಕುವ ಉದ್ದ ಕೋಲಿನ ಒರೆಸುಬಟ್ಟೆಯೇ ಸರಿ. ಮರದ ನೆರಳು ಬಿದ್ದರೆ ಫಲಕದ ಜಾಗ ಬದಲಿಸಬೇಕು. ಸೌರಶಕ್ತಿಯ ಹೆಸರಿನಲ್ಲಿ ಮರಕ್ಕೆ ಕೊಡಲಿಯಿಡುವುದು ನಮಗೆ ಒಪ್ಪಿತವಲ್ಲ.

ಬ್ಯಾಟರಿಯಿರುವ ಮನೆಗಳಲ್ಲಿ ಮೊದಲು ಸೋಲುವುದು ಬ್ಯಾಟರಿಯೇ. ಸೀಸದ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು, ನಲ್ಲಿಯ ನೀರನ್ನಲ್ಲ. ನೆರಳು, ಗಾಳಿ ಇರುವ ಜಾಗದಲ್ಲಿ ಇಡಬೇಕು. ಸೆಕೆ ಅದರ ಆಯಸ್ಸನ್ನು ತಿನ್ನುತ್ತದೆ. ಸತ್ತ ಬ್ಯಾಟರಿಯನ್ನು ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಂಡರೆ, ಅದನ್ನು ಒಡೆದು ಕರಗಿಸುವ ಕಡೆ ಸೀಸ ಮಣ್ಣಿಗೂ ಮಕ್ಕಳ ರಕ್ತಕ್ಕೂ ಸೇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅದನ್ನು ಹಿಂಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಲ್ಲಿಗೇ ಮರಳಿಸುವುದು ನಮ್ಮ ಕರ್ತವ್ಯ.

ಇಷ್ಟನ್ನೆಲ್ಲ ಪ್ರತಿ ಮನೆಯೂ ತಾನೇ ಕಲಿತು ಮಾಡಲೆಂದು ಬಿಡುವುದು ನ್ಯಾಯವಲ್ಲ. ಒಂಟಿ ವೃದ್ಧರಿರುವ ಮನೆಯಲ್ಲಿ ಮಾಳಿಗೆ ಹತ್ತುವವರು ಯಾರು? ಬಿಹಾರದ ಜೆಹಾನಾಬಾದ್ ಜಿಲ್ಲೆಯ ಧರ್ನೈ ಗ್ರಾಮದ ಅನುಭವವನ್ನು ನಾವು ಮರೆಯಬಾರದು. 2014ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಅಲ್ಲಿ 100 ಕಿಲೋವ್ಯಾಟ್‌ನ ಸೌರ ಘಟಕ ಸ್ಥಾಪಿಸಿದಾಗ ದೇಶವೇ ತಿರುಗಿ ನೋಡಿತು. ಕೆಲವೇ ವರ್ಷಗಳಲ್ಲಿ ಬ್ಯಾಟರಿಗಳು ಸೋತವು. ಅಷ್ಟರಲ್ಲಿ ಅಗ್ಗದ ಗ್ರಿಡ್ ವಿದ್ಯುತ್ತು ಊರಿಗೆ ಬಂದಿತ್ತು. ಘಟಕ ಪಾಳುಬಿದ್ದು, ಅದರ ಆವರಣ ದನ ಕಟ್ಟುವ ಜಾಗವಾಯಿತು. ಇದಕ್ಕೆ ಎದುರಾಗಿ ನಮ್ಮ ರಾಜ್ಯದಲ್ಲೇ ಬೇರೊಂದು ದಾರಿ ಇದೆ. 1995ರಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಹಳ್ಳಿಮನೆಗಳಿಗೆ ದೀಪದ ಜೊತೆಗೆ ಬ್ಯಾಂಕಿನ ಸಾಲವನ್ನೂ ಹತ್ತಿರದ ಸೇವಾಕೇಂದ್ರವನ್ನೂ ಜೋಡಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ರಾಜಸ್ಥಾನದ ತಿಲೋನಿಯಾದ ಬೇರ್‌ಫೂಟ್ ಕಾಲೇಜು ಅಕ್ಷರ ಬಾರದ ಹಳ್ಳಿಯ ಹೆಂಗಸರನ್ನೇ ಸೌರ ತಂತ್ರಜ್ಞರನ್ನಾಗಿ ಮಾಡಿ ತೋರಿಸಿದೆ.

ನಮ್ಮ ಆಗ್ರಹ ಇಷ್ಟು. ಸಹಾಯಧನದ ಒಂದು ಸಣ್ಣ ಪಾಲು ಆರನೆಯ ವರ್ಷದ ನಂತರದ ನಿರ್ವಹಣೆಗೆಂದು ಗ್ರಾಮ ಪಂಚಾಯಿತಿಯ ಬಳಿ ಠೇವಣಿಯಾಗಿ ಉಳಿಯಬೇಕು. ಪ್ರತಿ ಪಂಚಾಯಿತಿಯಲ್ಲಿ ಸ್ವಸಹಾಯ ಸಂಘದ ಇಬ್ಬರು ಮಹಿಳೆಯರಿಗಾದರೂ ತರಬೇತಿ ಕೊಟ್ಟು, ಮನೆಗಿಷ್ಟು ಎಂಬ ಸೇವಾಶುಲ್ಕದ ಮೇಲೆ ಶುಚಿಗೊಳಿಸುವ, ತಂತಿ ಪರೀಕ್ಷಿಸುವ ಕೆಲಸ ಒಪ್ಪಿಸಬೇಕು. ಅವರು ಮಾಳಿಗೆಯ ನೀರುಗಂಟಿಗಳಾಗಲಿ. ಮನೆಯವರು ತಿಂಗಳ ಕೊನೆಗೆ ಮೀಟರಿನ ಯೂನಿಟ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಹೋದ ವರ್ಷದ ಅದೇ ತಿಂಗಳಿಗಿಂತ ಲೆಕ್ಕ ತೀರ ಇಳಿದರೆ ಎಲ್ಲೋ ಕೆಟ್ಟಿದೆಯೆಂದು ಅರ್ಥ.

ಶರಾವತಿಯಿಂದ ಕೈಗಾವರೆಗೆ, ಕಾಡನ್ನೂ ಕಣಿವೆಯನ್ನೂ ಕೇಳುವ ಯೋಜನೆಗಳು ಬಂದಾಗಲೆಲ್ಲ ನಾವು ಮನೆಯ ಮೇಲಿನ ಸೂರ್ಯನನ್ನು ತೋರಿಸುತ್ತ ಬಂದಿದ್ದೇವೆ. ಧೂಳು ಹಿಡಿದು ಸತ್ತ ಪ್ರತಿ ಫಲಕವೂ ನಮ್ಮ ಆ ವಾದದ ವಿರುದ್ಧ ನಿಲ್ಲುವ ಸಾಕ್ಷಿ. ‘ಸೌರಶಕ್ತಿಯಿಂದ ಆಗುವ ಕೆಲಸವಲ್ಲ’ ಎನ್ನುವವರಿಗೆ ಆ ಸಾಕ್ಷಿಯನ್ನು ನಾವಾಗಿ ಒದಗಿಸಬಾರದು. ಕಾಯಕದ ಹಿರಿಮೆಯನ್ನು ಲೋಕಕ್ಕೆ ಸಾರಿದ ಕಲ್ಯಾಣದ ನೆಲದಲ್ಲಿ, ನಸುಕಿನಲ್ಲಿ ಒಂದು ಕೊಡ ನೀರು ಹಿಡಿದು ಮಾಳಿಗೆ ಹತ್ತುವುದೂ ಒಂದು ಕಾಯಕವೇ. ಓದುಗರಲ್ಲಿ ನಮ್ಮ ವಿನಂತಿಯೊಂದೇ: ಈ ಸಂಚಿಕೆಯನ್ನು ಮಡಚಿಟ್ಟ ಮೇಲೆ, ನಾಳೆ ಬಿಸಿಲೇರುವ ಮೊದಲು, ನಿಮ್ಮ ಮನೆಯ ಫಲಕವನ್ನು ಒಮ್ಮೆ ನೋಡಿ ಬನ್ನಿ.