ನಾಲ್ಕು ಗೋಡೆಗಳ ನಡುವಣ ಗಾಳಿ

ಸುಗ್ಗಿಯ ದಿನಗಳಲ್ಲಿ ದೇವದುರ್ಗ, ಮಾನ್ವಿಗಳ ಕಡೆಯ ರೈತರು ಹತ್ತಿಯನ್ನು ಹೇರಿಕೊಂಡು ರಾಯಚೂರಿನ ಪೇಟೆಗೆ ಬರುತ್ತಾರೆ. ಒಂದು ಕಾಲಕ್ಕೆ ಎತ್ತಿನ ಬಂಡಿಗಳ ಸಾಲು. ಈಗ ಟ್ರ್ಯಾಕ್ಟರು, ಲಾರಿಗಳ ಸಾಲು. ಕಾಳಿನಿಂದ ಅರಳೆಯನ್ನು ಬಿಡಿಸುವ ಜಿನ್ನಿಂಗ್ ಗಿರಣಿಗಳ ಅಂಗಳದಲ್ಲಿ ಬೆಳ್ಳನೆಯ ಗುಡ್ಡಗಳು ಏಳುತ್ತವೆ. ಇಂಥ ಗಿರಣಿಯ ಬಾಗಿಲಲ್ಲಿ ಒಂದು ಕಟ್ಟಳೆ: ಬೀಡಿ, ಬೆಂಕಿಪೆಟ್ಟಿಗೆಗಳನ್ನು ಒಳಗೆ ಒಯ್ಯಕೂಡದು. ಹಮಾಲನಾಗಲಿ, ಹತ್ತಿ ತಂದ ರೈತನಾಗಲಿ, ಗಿರಣಿಯ ಮಾಲೀಕನೇ ಆಗಲಿ, ಈ ಕಟ್ಟಳೆಯನ್ನು ಕುರಿತು ವಾದ ಹೂಡುವುದಿಲ್ಲ. ತನ್ನ ಸ್ವಾತಂತ್ರ್ಯಕ್ಕೆ ಭಂಗ ಬಂದಿತೆಂದು ದೂರುವವರೂ ಇಲ್ಲ. ಒಂದು ಕಿಡಿ ಸಿಡಿದರೆ ಹತ್ತಾರು ಊರುಗಳ ವರುಷದ ದುಡಿಮೆ ಬೂದಿಯಾದೀತೆಂಬುದು ಎಲ್ಲರಿಗೂ ತಿಳಿದ ಸಂಗತಿ.

ಅದೇ ಮನುಷ್ಯ ಹತ್ತಿಯ ಲೆಕ್ಕ ಮುಗಿಸಿ ಊರಿಗೆ ಮರಳುವಾಗ ಖಾನಾವಳಿಯೊಂದಕ್ಕೆ ಹೋಗುತ್ತಾನೆ. ರೊಟ್ಟಿ ಪಲ್ಯ ಉಂಡು, ನೀರು ಕುಡಿದು, ಕುಳಿತಲ್ಲಿಯೇ ಬೀಡಿ ಹಚ್ಚುತ್ತಾನೆ. ಪಕ್ಕದ ಮೇಜಿನ ಹೆಣ್ಣುಮಗಳು, “ಅಣ್ಣಾ, ಕೂಸಿಗೆ ಕೆಮ್ಮು ಐತಿ, ಹೊರಗ ಹೋಗಿ ಸೇದ್ರಿ” ಎಂದರೆ ಅವನ ಮುಖ ಬಿಗಿಯುತ್ತದೆ. “ನನ್ನ ರೊಕ್ಕ, ನನ್ನ ಬೀಡಿ. ನಿನಗೇನು ತ್ರಾಸವ್ವಾ?” ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೆಳಗ್ಗೆ ಹತ್ತಿಯ ರಾಶಿಯ ಮುಂದೆ ಹುಟ್ಟದ ವಾದ ಸಂಜೆ ಒಂದು ಕೂಸಿನ ಮುಂದೆ ಹುಟ್ಟುತ್ತದೆ. ಅತ್ತೆಗೊಂದು ನ್ಯಾಯ, ಸೊಸೆಗೊಂದು ನ್ಯಾಯ ಎಂಬ ಗಾದೆಯಂತೆ ಇಲ್ಲಿ ಹತ್ತಿಗೊಂದು ನ್ಯಾಯ, ಉಸಿರಿಗೊಂದು ನ್ಯಾಯ.

ಈ ವಾದಕ್ಕೆ ನಮ್ಮ ದೇಶದ ನ್ಯಾಯಾಲಯಗಳು ಉತ್ತರ ಕೊಟ್ಟು ಎರಡು ದಶಕಗಳಿಗಿಂತ ಹೆಚ್ಚು ಕಾಲವಾಯಿತು. ಸಾರ್ವಜನಿಕ ಸ್ಥಳದಲ್ಲಿ ಹೊಗೆ ಬಿಡುವುದು ಇತರರ ಜೀವಿಸುವ ಹಕ್ಕಿಗೆ ಧಕ್ಕೆ ತರುವ ಕೃತ್ಯವೆಂದು 1999ರಲ್ಲಿ ಕೇರಳದ ಉಚ್ಚ ನ್ಯಾಯಾಲಯ ತೀರ್ಮಾನಿಸಿತು. ಮುಂಬಯಿಯ ರಾಜಕಾರಣಿ ಮುರಳಿ ದೇವರಾ ಅವರು ಸಲ್ಲಿಸಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 2ರಂದು ಆಸ್ಪತ್ರೆ, ಶಾಲೆ, ಗ್ರಂಥಾಲಯ, ನ್ಯಾಯಾಲಯ, ಸರಕಾರಿ ಕಚೇರಿ, ಸಭಾಂಗಣ ಮತ್ತು ಸಾರ್ವಜನಿಕ ವಾಹನಗಳಲ್ಲಿ ಧೂಮಪಾನವನ್ನು ನಿಷೇಧಿಸಿ ಆಜ್ಞೆ ಮಾಡಿತು. 2003ರಲ್ಲಿ ಸಂಸತ್ತು ತಂಬಾಕು ನಿಯಂತ್ರಣದ ಶಾಸನವನ್ನು ರಚಿಸಿತು. ಅದರ ಅಡಿಯಲ್ಲಿ 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಹೋಟೆಲು, ಚಿತ್ರಮಂದಿರ, ಅಂಗಡಿ ಸಂಕೀರ್ಣ, ದುಡಿಮೆಯ ಸ್ಥಳಗಳನ್ನೂ ಈ ನಿಷೇಧದೊಳಗೆ ತಂದವು. ಗಾಂಧೀ ಜಯಂತಿಯ ದಿನವನ್ನು ಇದಕ್ಕೆ ಆರಿಸಿದ್ದು ಉಚಿತವೇ ಆಗಿದೆ. ಬಾಲ್ಯದಲ್ಲಿ ಕದ್ದು ಬೀಡಿ ಸೇದಿದುದನ್ನು ಗಾಂಧೀಜಿಯವರು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮುಂದೆ, ಸೇದುವವರಿಂದ ತುಂಬಿದ ರೈಲು ಡಬ್ಬಿಯಲ್ಲಿ ತಮಗೆ ಉಸಿರುಗಟ್ಟುತ್ತಿತ್ತೆಂಬುದನ್ನೂ ಅಲ್ಲಿಯೇ ಬರೆದಿದ್ದಾರೆ.

ಹೀಗಿದ್ದೂ ಚರ್ಚೆ ನಿಂತಿಲ್ಲ. ಚಹಾದ ಅಂಗಡಿಯ ಬೆಂಚಿನ ಮೇಲೆ, ಊರ ಕಟ್ಟೆಯ ಮೇಲೆ ಅದು ನಡೆದೇ ಇದೆ. ನಿಷೇಧಕ್ಕೆ ಎದುರಾಗಿ ಆಡುವ ಮಾತುಗಳೆಲ್ಲ ಪೊಳ್ಳೆಂದು ತಳ್ಳಿಹಾಕುವುದು ಸರಿಯಲ್ಲ. ಕೆಲವು ಮಾತುಗಳಲ್ಲಿ ನೋವಿದೆ, ಕೆಲವದರಲ್ಲಿ ನ್ಯಾಯವೂ ಇದೆ.

ರಾಯಚೂರಿನಲ್ಲಿ ಆಡಬಹುದಾದ ಮಾತು ಬೇರೆ ಊರುಗಳಲ್ಲಿ ಕೇಳಿಬರುವಂಥದಲ್ಲ. ಕೃಷ್ಣಾನದಿಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ಉಷ್ಣ ವಿದ್ಯುತ್ ಸ್ಥಾವರವಿದೆ. ಎಂಟು ಘಟಕಗಳು ಸೇರಿ 1720 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರ ನಾಡಿಗೆ ಬೆಳಕು ಕೊಟ್ಟಿದೆ. ಸುತ್ತಲಿನವರಿಗೆ ಹಾರುಬೂದಿಯನ್ನೂ ಕೊಟ್ಟಿದೆ. ಮುಗಿಲೆತ್ತರದ ಆ ಚಿಮಣಿಗಳನ್ನು ತೋರಿಸಿ, “ಅಷ್ಟು ಹೊಗೆಯ ಮುಂದೆ ನನ್ನ ಬೀಡಿಯ ಹೊಗೆ ಯಾವ ಲೆಕ್ಕ?” ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನಗಬೇಕಾದದ್ದಲ್ಲ. ಚಿಮಣಿಯ ಹೊಗೆಗೂ ಲೆಕ್ಕ ಕೇಳಬೇಕಾದದ್ದೇ. ಆದರೆ ಅದು ಬಯಲಿನ ಗಾಳಿಯಲ್ಲಿ ಬೆರೆತು ಹರಡುವಂಥದು. ಖಾನಾವಳಿಯ ಹೊಗೆ ಹತ್ತಡಿಯ ಕೋಣೆಯಲ್ಲಿ ಸುತ್ತಿಕೊಂಡು ನಿಲ್ಲುವಂಥದು. ಒಂದು ಬಾವಿಯಲ್ಲಿ ಕಸ ಬಿದ್ದಿದೆಯೆಂದು ಮನೆಯ ಕೊಡದೊಳಗೆ ಮಣ್ಣು ಹಾಕಿಕೊಳ್ಳುವವರಿಲ್ಲ.

ಹೊಗೆಯ ಗುಣವನ್ನೂ ಇಲ್ಲಿ ತಿಳಿಯಬೇಕು. ಸೇದುವವನು ಒಳಗೆಳೆದುಕೊಂಡು ಹೊರಬಿಡುವ ಹೊಗೆ ಒಂದು. ಎರಡು ದಮ್ಮುಗಳ ನಡುವೆ ಬೀಡಿಯ ಉರಿಯುವ ತುದಿಯಿಂದ ತಾನಾಗಿಯೇ ಏಳುವ ಹೊಗೆ ಇನ್ನೊಂದು. ಈ ಎರಡನೆಯದು ಯಾವ ಸೋಸುವಿಕೆಗೂ ಒಳಗಾಗದೆ ನೇರವಾಗಿ ಕೋಣೆಯನ್ನು ಸೇರುತ್ತದೆ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರನ್ನು ಉಂಟುಮಾಡಬಲ್ಲವು. ಜಪಾನಿನ ವೈದ್ಯವಿಜ್ಞಾನಿ ತಕೇಶಿ ಹಿರಾಯಾಮಾ ಅವರು ಧೂಮಪಾನ ಮಾಡದ 91,540 ಗೃಹಿಣಿಯರ ಆರೋಗ್ಯವನ್ನು ಹದಿನಾಲ್ಕು ವರ್ಷ ಗಮನಿಸಿ 1981ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅತಿಯಾಗಿ ಸೇದುವ ಗಂಡಂದಿರ ಹೆಂಡತಿಯರು ಶ್ವಾಸಕೋಶದ ಕ್ಯಾನ್ಸರಿಗೆ ಹೆಚ್ಚಾಗಿ ಬಲಿಯಾಗುತ್ತಿದ್ದುದು ಅದರಿಂದ ಕಂಡುಬಂದಿತು. ಆ ಹೆಂಗಸರು ಬಾಯಿಗೆ ಸಿಗರೇಟು ಇಟ್ಟವರಲ್ಲ. ಮನೆಯಲ್ಲಿ ಇದ್ದವರು, ಅಷ್ಟೇ. ಕಿಟಕಿ ತೆರೆದರೆ, ಪಂಖ ತಿರುಗಿಸಿದರೆ ಸಾಕೆಂಬ ನಂಬಿಕೆಯೂ ಈಗ ಉಳಿದಿಲ್ಲ. ಪಂಖವು ಹೊಗೆಯನ್ನು ಹೊರಗೆ ಹಾಕುವುದಿಲ್ಲ. ಒಂದು ಮೂಲೆಯದನ್ನು ನಾಲ್ಕು ಮೂಲೆಗೂ ಹಂಚುತ್ತದೆ.

ಇನ್ನು ಹೊಟ್ಟೆಪಾಡಿನ ಮಾತು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರು, ಹುಣಸೂರು, ಪಿರಿಯಾಪಟ್ಟಣ, ನಿಪ್ಪಾಣಿಗಳ ತಂಬಾಕಿನ ಬೆಳೆಗಾರರು, ಮೂಲೆಯ ಪಾನಬೀಡಾ ಅಂಗಡಿಯವನು ಇವರೆಲ್ಲರ ಗತಿಯೇನು ಎಂಬ ಪ್ರಶ್ನೆ ಸಹಜವಾದದ್ದು. ಅದಕ್ಕೆ ಉತ್ತರ ಚಿಕ್ಕದು. ಒಳಗೆ ಸೇದಬೇಡ ಎಂದರೆ ಬೀಡಿಯನ್ನೇ ಮಾರಬೇಡ ಎಂದಂತಾಗಲಿಲ್ಲ. ಪಾನಬೀಡಾ ಅಂಗಡಿ ಇರುವುದೇ ಬೀದಿಯಲ್ಲಿ.

ಇದೆಲ್ಲ ಪರದೇಶದ ಹುಚ್ಚು, ನಮ್ಮ ಹಿರಿಯರು ಗುಡಗುಡಿ ಸೇದುತ್ತ ನೂರು ವರ್ಷ ಬಾಳಿದರು ಎನ್ನುವವರೂ ಉಂಟು. ಇವರಿಗೆ ಇತಿಹಾಸದ ಒಂದು ಪುಟವನ್ನು ನೆನಪಿಸಬೇಕು. ತಂಬಾಕು ಈ ನೆಲದ್ದಲ್ಲ. ಅಮೆರಿಕ ಖಂಡದಿಂದ ಪೋರ್ತುಗೀಜರ ಹಡಗುಗಳಲ್ಲಿ ಬಂದದ್ದು. ರಾಯಚೂರು ಬಿಜಾಪುರದ ಆದಿಲಶಾಹಿ ಅರಸರಿಗೆ ಸೇರಿದ್ದ ಕಾಲದಲ್ಲಿ, ಎಂದರೆ 1604ರ ಸುಮಾರಿಗೆ, ಮೊಗಲ ದರಬಾರಿನ ರಾಯಭಾರಿ ಅಸದ್ ಬೇಗ್ ಬಿಜಾಪುರದಲ್ಲಿ ಈ ಹೊಸ ವಸ್ತುವನ್ನು ಕಂಡು, ರತ್ನ ಕೆತ್ತಿದ ಕೊಳವೆಯೊಂದಿಗೆ ಅಕ್ಬರನಿಗೆ ಒಯ್ದು ಒಪ್ಪಿಸಿದನು. ಬಾದಶಹನು ಕುತೂಹಲಕ್ಕೆಂದು ಒಂದೆರಡು ದಮ್ಮು ಎಳೆದನು. ಅಷ್ಟರಲ್ಲಿ ಅರಮನೆಯ ವೈದ್ಯನು ತಡೆದನು. ಗ್ರಂಥಗಳಲ್ಲಿ ಇದರ ಗುಣದೋಷಗಳ ಮಾತೇ ಇಲ್ಲ, ಪರೀಕ್ಷಿಸದ ವಸ್ತುವನ್ನು ದೊರೆ ಮುಟ್ಟಬಾರದೆಂದನು. ಅಸದ್ ಬೇಗ್ ಬಿಡಲಿಲ್ಲ. ಲೋಕದಲ್ಲಿ ಯಾವ ರೂಢಿಯಾದರೂ ಮೊದಲು ಹೊಸದೇ ಆಗಿರುತ್ತದೆಂದು ಎದುರುವಾದ ಹೂಡಿದನು. ಅಕ್ಬರನು ಅದನ್ನು ಮತ್ತೆ ಸೇದಲಿಲ್ಲ, ಆದರೆ ದರಬಾರಿನ ಶ್ರೀಮಂತರು ಬಿಡಲಿಲ್ಲ. 1617ರಲ್ಲಿ ಜಹಾಂಗೀರನು ನಿಷೇಧದ ಆಜ್ಞೆ ಹೊರಡಿಸಿದರೂ ಚಟ ನಿಲ್ಲಲಿಲ್ಲ. ತಂಬಾಕು ಬಂದ ದಿನವೇ ಅದರ ಮೇಲಿನ ಜಗಳವೂ ಬಂದಿತು. ಮೊದಲು ಬೇಡವೆಂದವನು ಪರದೇಶಿಯಲ್ಲ, ಅರಮನೆಯ ವೈದ್ಯ. ಅಸದ್ ಬೇಗನ ಮಾತಿನಲ್ಲಿಯೂ ಸತ್ಯವಿದೆ. ಹೊಸ ರೂಢಿಗಳು ಹಳೆಯವಾಗುತ್ತವೆ. ಹೊರಗೆ ಹೋಗಿ ಸೇದುವುದೂ ಅಂಥ ಒಂದು ರೂಢಿಯಾಗಬಾರದೇಕೆ? ಹಿಂದಿನ ಟಾಕೀಸುಗಳಲ್ಲಿ ತೆರೆಯ ಕಡೆಗೆ ಹಾಯುವ ಬೆಳಕಿನ ಕೋಲು ಬೀಡಿಯ ಹೊಗೆಯಿಂದ ನೀಲಿಯಾಗಿ ಸುಳಿದಾಡುತ್ತಿತ್ತೆಂದರೆ ಈಗಿನ ಮಕ್ಕಳು ನಂಬಲಾರರು.

ನಿಷೇಧ ಬೇಕು ಎಂಬುದರಲ್ಲಿ ಇಷ್ಟಾದ ಮೇಲೆ ಸಂಶಯ ಉಳಿಯುವುದಿಲ್ಲ. ಸಂಶಯವಿರುವುದು ಅದರ ಭಾರ ಯಾರ ಹೆಗಲ ಮೇಲೆ ಬೀಳುತ್ತಿದೆ ಎಂಬುದರಲ್ಲಿ. 2003ರ ಶಾಸನದಲ್ಲಿ ದಂಡದ ಮಿತಿ 200 ರೂಪಾಯಿಯಾಗಿತ್ತು. ಕರ್ನಾಟಕದ ವಿಧಾನಮಂಡಲ 2024ರಲ್ಲಿ ಅಂಗೀಕರಿಸಿ, ರಾಷ್ಟ್ರಪತಿಗಳ ಒಪ್ಪಿಗೆ ಪಡೆದು 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಅದನ್ನು 1000 ರೂಪಾಯಿಗೆ ಏರಿಸಿತು. ತಂಬಾಕು ಕೊಳ್ಳುವವರ ವಯಸ್ಸನ್ನು 18ರಿಂದ 21ಕ್ಕೆ ಹೆಚ್ಚಿಸಿತು. ಹುಕ್ಕಾ ಬಾರುಗಳನ್ನು ನಡೆಸುವವರಿಗೆ ಸೆರೆವಾಸವನ್ನು ವಿಧಿಸಿತು. ಇವೆಲ್ಲ ಒಪ್ಪತಕ್ಕವೇ. ಆದರೆ 1000 ರೂಪಾಯಿ ಹತ್ತಿ ಬಿಡಿಸುವ ಕೂಲಿಯವನಿಗೆ ಎರಡು ಮೂರು ದಿನಗಳ ದುಡಿಮೆ. ದೊಡ್ಡ ನಗರದ ದೊಡ್ಡ ಹೋಟೆಲಿನಲ್ಲಿ ಇಳಿದುಕೊಂಡವನಿಗೆ ಅದು ಒಂದು ಹೊತ್ತಿನ ಊಟದ ಬೆಲೆ. ಅವನಿಗೆ ಆ ದಂಡವನ್ನು ತೆರುವ ಪ್ರಸಂಗವೂ ಬರಲಿಕ್ಕಿಲ್ಲ. ಏಕೆಂದರೆ ಮೂವತ್ತು ಕೋಣೆಗಳಿರುವ ವಸತಿಗೃಹ, ಮೂವತ್ತು ಮತ್ತು ಅದಕ್ಕೂ ಹೆಚ್ಚು ಆಸನಗಳಿರುವ ಉಪಾಹಾರಗೃಹ ಹಾಗೂ ವಿಮಾನ ನಿಲ್ದಾಣಗಳು ಧೂಮಪಾನಕ್ಕೆಂದೇ ಪ್ರತ್ಯೇಕ ಜಾಗವನ್ನು ಇಟ್ಟುಕೊಳ್ಳಬಹುದೆಂದು ಶಾಸನವೇ ವಿನಾಯಿತಿ ಕೊಟ್ಟಿದೆ.

ಈ ವಿನಾಯಿತಿಗೆ ಆರೋಗ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಇಪ್ಪತ್ತೊಂಬತ್ತು ಕುರ್ಚಿಗಳ ಖಾನಾವಳಿಯಲ್ಲಿ ವಿಷವಾದ ಹೊಗೆ ಮೂವತ್ತು ಕುರ್ಚಿಗಳ ಹೋಟೆಲಿನಲ್ಲಿ ನಿರಪಾಯವಾಗುವುದು ಹೇಗೆ? ನಾಲ್ಕು ಕಡೆ ಪೂರ್ಣ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಹೊಗೆಯನ್ನು ಹೊರಕ್ಕೆ ಎಳೆಯುವ ಯಂತ್ರ ಇರಬೇಕೆಂದು ನಿಯಮಗಳು ಹೇಳುತ್ತವೆ, ನಿಜ. ಆ ಕೋಣೆಯಲ್ಲಿ ತಿಂಡಿ ತೀರ್ಥ ಮೊದಲಾದ ಯಾವ ಸೇವೆಯನ್ನೂ ಒದಗಿಸಕೂಡದೆಂದು 2017ರಲ್ಲಿ ಇನ್ನೊಂದು ನಿಯಮವೂ ಸೇರಿತು. ಆದರೂ ಆ ಕೋಣೆಯ ಕಸ ಗುಡಿಸುವವರು, ಬೂದಿ ಬಳಿಯುವವರು ಮನುಷ್ಯರೇ. ಗ್ರಾಹಕನಿಗೆ ಹೊಗೆ ಬೇಡವಾದರೆ ಬೇರೆ ಹೋಟೆಲು ಉಂಟು. ಕೂಲಿಗೆ ನಿಂತವರಿಗೆ ಬೇರೆ ಕೆಲಸ ಅಷ್ಟು ಸುಲಭವಾಗಿ ದೊರೆಯದು. ಐರ್ಲೆಂಡ್ ದೇಶ 2004ರ ಮಾರ್ಚಿಯಲ್ಲಿ ತನ್ನ ದುಡಿಮೆಯ ಸ್ಥಳಗಳನ್ನು, ಪಾನಗೃಹಗಳನ್ನೂ ಸೇರಿಸಿ, ಹೊಗೆಮುಕ್ತಗೊಳಿಸಿದಾಗ ಮುಂದಿಟ್ಟ ಕಾರಣ ಗಿರಾಕಿಯ ಸುಖವಲ್ಲ, ಅಲ್ಲಿ ದುಡಿಯುವವರ ಆರೋಗ್ಯ. ಇಲ್ಲಿಯೂ ಅದೇ ದೃಷ್ಟಿ ಬರಬೇಕು. ಆ ವಿನಾಯಿತಿ ಶಾಸನದಿಂದ ಹೋಗಬೇಕು.

ಇನ್ನೊಂದು ಅಂಶ ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ. 2008ರ ನಿಯಮಗಳ ಪ್ರಕಾರ ಹೊಣೆ ಸೇದುವವನದು ಮಾತ್ರವಲ್ಲ. ಆ ಸ್ಥಳದ ಮಾಲೀಕನದು, ವ್ಯವಸ್ಥಾಪಕನದು, ಕಚೇರಿಯ ಮುಖ್ಯಸ್ಥನದು ಕೂಡ. “ಇಲ್ಲಿ ಧೂಮಪಾನ ಅಪರಾಧ” ಎಂಬ ಫಲಕವನ್ನು ಅವನು ತೂಗುಹಾಕಬೇಕು. ಬೂದಿ ಉದುರಿಸುವ ತಟ್ಟೆ, ಬೆಂಕಿಪೆಟ್ಟಿಗೆಗಳನ್ನು ಒದಗಿಸಕೂಡದು. ಯಾರಿಗೆ ದೂರು ಹೇಳಬೇಕೆಂಬುದನ್ನು ಹೆಸರು ಸಹಿತ ಬರೆದಿಡಬೇಕು. ದೂರು ಬಂದರೂ ಕೈಕಟ್ಟಿ ಕುಳಿತರೆ, ನಡೆದ ಅಪರಾಧಗಳ ಸಂಖ್ಯೆಗೆ ತಕ್ಕಂತೆ ಅವನೂ ದಂಡ ತೆರಬೇಕು. ದಂಡ ವಸೂಲಿಯ ಅಧಿಕಾರ ಪೊಲೀಸರಿಗಷ್ಟೇ ಸೀಮಿತವಲ್ಲ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೂ, ಅಂಚೆಮನೆಯಲ್ಲಿ ಅಂಚೆಪಾಲಕರಿಗೂ ಅದನ್ನು ಕೊಡಲಾಗಿದೆ. ಆದರೆ ನಡೆಯುವುದೇನು? ಪಹಣಿಗಾಗಿ ಹಳ್ಳಿಯಿಂದ ಕಚೇರಿಗೆ ಬಂದ ಮುದುಕನು ಪಡಸಾಲೆಯಲ್ಲಿ ಬೀಡಿ ತೆಗೆದರೆ ಜವಾನನು ಗದರಿಸುತ್ತಾನೆ. ಒಳಗಿನ ಕೋಣೆಯಲ್ಲಿ ಸಾಹೇಬರ ಸಿಗರೇಟು ಉರಿಯುತ್ತಿದ್ದರೆ ಅದೇ ಜವಾನನು ಬಾಗಿಲನ್ನು ಮೆಲ್ಲನೆ ಮುಂದೆ ಮಾಡುತ್ತಾನೆ. ಇಂಥ ಕಚೇರಿಯ ಗೋಡೆಯ ಮೇಲಿನ ಫಲಕವನ್ನು ಓದಿದ ಮುದುಕನಿಗೆ ಧೂಮಪಾನ ಕೆಟ್ಟದ್ದೆಂದು ತೋರುವುದಿಲ್ಲ. ಬಡವನಾಗಿ ಸೇದುವುದು ಕೆಟ್ಟದ್ದೆಂದು ತೋರುತ್ತದೆ. ಕಾನೂನಿಗೆ ಇದಕ್ಕಿಂತ ದೊಡ್ಡ ಹಾನಿ ಬೇರೆ ಬೇಕಿಲ್ಲ.

ಹತ್ತಿಯ ಗಿರಣಿಯ ಕಟ್ಟಳೆ ಯಾಕೆ ನಡೆಯುತ್ತದೆ ಎಂಬುದನ್ನು ಈಗ ಮತ್ತೊಮ್ಮೆ ನೋಡಬೇಕು. ಅಲ್ಲಿ ಮೊದಲು ಬೆಂಕಿಪೆಟ್ಟಿಗೆಯನ್ನು ಹೊರಗಿಟ್ಟು ಬರುವವನು ಮಾಲೀಕನೇ. ಅವನ ಗದ್ದಿಗೆಯ ಬಳಿ ಸೇದುವವರಿಗೆಂದು ಗಾಜಿನ ಕೋಣೆ ಇರುವುದಿಲ್ಲ.

ಮಾನ್ವಿಯ ಚಿಕ್ಕ ಖಾನಾವಳಿಗೆ ಮೂವತ್ತು ಆಸನಗಳಿಲ್ಲ. ಆದ್ದರಿಂದ ಶಾಸನದ ಲೆಕ್ಕದಲ್ಲಿ ಅದು ಪೂರ್ತಿಯಾಗಿ ಹೊಗೆಯಿಲ್ಲದ ಜಾಗ; ಆ ಮಟ್ಟಿಗೆ ಅದು ದೊಡ್ಡ ಹೋಟೆಲಿಗಿಂತ ಮೇಲು. ಅಲ್ಲಿ ಉಂಡೆದ್ದ ರೈತನೊಬ್ಬ ಬೀಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು, ಬಾಗಿಲು ದಾಟಿ, ರಸ್ತೆಯಾಚೆಯ ಬೇವಿನ ಮರದ ಕೆಳಗೆ ಹೋಗಿ ನಿಂತು ಕಡ್ಡಿ ಗೀರುತ್ತಾನೆ. ಒಳಗೆ ಮೇಜು ಒರೆಸುವ ಕೆಲಸದವನು ಅವನ ಎಲೆಯನ್ನು ತೆಗೆದು, ಇನ್ನೊಬ್ಬರಿಗೆ ನೀರು ಇಡುತ್ತಾನೆ.